ವಾಪಸು ಬಾರದ ನೌಕೆಗೆ ಯಾಕಿಷ್ಟು ಕಾವಲು?

ಹೊಗೆಸೊಪ್ಪು ಬೇಯಿಸುವ ದಿನಗಳಲ್ಲಿ ನಮ್ಮ ಪಿರಿಯಾಪಟ್ಟಣ ಸೀಮೆಯಲ್ಲಿ ರಾತ್ರಿ ನಿದ್ದೆ ಎಂಬುದು ಸರದಿಯ ಮೇಲೆ ಸಿಗುವ ವಸ್ತು. ಬ್ಯಾರನ್ನಿಗೆ ಸೊಪ್ಪು ಏರಿಸಿ ಬೆಂಕಿ ಹಾಕಿದ ಮೇಲೆ ಐದಾರು ದಿನ ಮನೆಯಲ್ಲಿ ಯಾರಾದರೊಬ್ಬರು ಎದ್ದೇ ಇರಬೇಕು. ಥರ್ಮಾಮೀಟರ್ ನೋಡಬೇಕು, ಸೌದೆ ತಳ್ಳಬೇಕು, ಶಾಖ ಜಾಸ್ತಿಯಾದರೆ ತಗ್ಗಿಸಬೇಕು. ಮೊದಲು ಎಲೆ ಹಳದಿಗೆ ತಿರುಗಬೇಕು, ಆಮೇಲೆ ಒಣಗಬೇಕು, ಕಡೆಗೆ ನಡುದಂಟು ಒಣಗಬೇಕು. ನಡುವೆ ಒಂದು ಗಂಟೆ ಕಣ್ಣು ಹತ್ತಿದರೂ ಮಾರುಕಟ್ಟೆಯಲ್ಲಿ ಅದರ ಬೆಲೆ ತೆರಬೇಕಾಗುತ್ತದೆ.

ಹೋದ ಸೀಸನ್ನಿನಲ್ಲಿ ಅಪ್ಪನ ಜೊತೆ ಹಾಗೆ ಕೂತಿದ್ದಾಗ ನಿದ್ದೆ ಬಾರದಿರಲೆಂದು ಮೊಬೈಲಿನಲ್ಲಿ ಓದುತ್ತಿದ್ದ ಸುದ್ದಿಯೊಂದನ್ನು ಅವರಿಗೂ ಹೇಳಿದೆ. 1977ರಲ್ಲಿ ಹಾರಿಸಿದ ಎರಡು ನೌಕೆಗಳು ಇನ್ನೂ ಹೋಗುತ್ತಲೇ ಇವೆ, ಅಮೆರಿಕದಲ್ಲಿ ಒಂದಿಷ್ಟು ಜನ ಇವತ್ತಿಗೂ ಅವುಗಳ ದನಿ ಕೇಳುತ್ತಾ ಕೂತಿದ್ದಾರೆ ಎಂದೆ.

"ವಾಪಸ್ ಬತ್ತವಾ ಅವು?"

"ಇಲ್ಲ."

"ಎಲ್ಲಾದ್ರೂ ಹೋಗಿ ಸೇರ್ಕತವಾ?"

"ನಲವತ್ತು ಸಾವಿರ ವರ್ಷ ಹೋದರೂ ಒಂದು ನಕ್ಷತ್ರದ ಹತ್ತಿರ ಸರಿಯಾಗಿ ಹೋಗಲ್ಲ."

ಅಪ್ಪ ಒಲೆಗೆ ಒಂದು ಕೊರಡು ತಳ್ಳಿ, "ಮತ್ಯಾಕವ್ವ ಕಾಯ್ಕಂಡು ಕೂತವ್ರೆ?" ಅಂದರು.

ಬಿ.ಎಸ್ಸಿ. ಓದುತ್ತಿರುವ ಮಗಳಿಗೆ ಆ ಹೊತ್ತಿಗೆ ಉತ್ತರ ಹೊಳೆಯಲಿಲ್ಲ. ಆಮೇಲೆ ಹುಡುಕಿ ಓದಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಸುದ್ದಿ. ವಾಯೇಜರ್-1 ನೌಕೆ 2026ರ ನವೆಂಬರ್‌ನಲ್ಲಿ ನಮ್ಮಿಂದ ಒಂದು 'ಬೆಳಕಿನ ದಿನ'ದಷ್ಟು ದೂರ ತಲುಪುತ್ತದೆ. ಅಂದರೆ ಸುಮಾರು 2,590 ಕೋಟಿ ಕಿಲೋಮೀಟರ್. ಇವತ್ತು ಬೆಳಿಗ್ಗೆ ಆರಕ್ಕೆ ಇಲ್ಲಿಂದ ಒಂದು ಆದೇಶ ಹೊರಟರೆ ಅದು ನೌಕೆಗೆ ಮುಟ್ಟುವುದು ನಾಳೆ ಬೆಳಿಗ್ಗೆ ಆರಕ್ಕೆ, 'ಸಿಕ್ಕಿತು' ಎಂಬ ಉತ್ತರ ನಮಗೆ ಬರುವುದು ನಾಡಿದ್ದು. ಮನುಷ್ಯ ಮಾಡಿದ ಯಾವ ವಸ್ತುವೂ ಅಷ್ಟು ದೂರ ಹೋಗಿಲ್ಲ. ಅದರ ವೇಗ ಸೆಕೆಂಡಿಗೆ ಸುಮಾರು 17 ಕಿ.ಮೀ.; ಹುಣಸೂರಿನಿಂದ ಮೈಸೂರಿಗೆ ಮೂರು ಸೆಕೆಂಡು ಸಾಕು. ಆ ವೇಗದಲ್ಲಿ ಹೋಗಿಯೂ ಒಂದು ಬೆಳಕಿನ ದಿನ ದಾಟಲು 49 ವರ್ಷ ಹಿಡಿದಿದೆ. ಸೂರ್ಯನನ್ನು ಬಿಟ್ಟರೆ ಅತಿ ಹತ್ತಿರದ ನಕ್ಷತ್ರವೇ ನಾಲ್ಕು ಬೆಳಕಿನ ವರ್ಷಕ್ಕಿಂತ ಆಚೆ ಇದೆ. ಅಪ್ಪನ ಅನುಮಾನ ಸುಳ್ಳೇನಲ್ಲ.

ವಾಯೇಜರ್-2 ಹಾರಿದ್ದು 1977ರ ಆಗಸ್ಟ್ 20ರಂದು, ವಾಯೇಜರ್-1 ಸೆಪ್ಟೆಂಬರ್ 5ರಂದು. ಆಗ ನಮ್ಮ ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದು ನಾಲ್ಕು ವರ್ಷವೂ ತುಂಬಿರಲಿಲ್ಲ. ಆ ಹೆಸರು ಬಂದಾಗಲೂ, ನೌಕೆ ಹಾರಿದಾಗಲೂ ಮುಖ್ಯಮಂತ್ರಿಯಾಗಿದ್ದವರು ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ದೇವರಾಜ ಅರಸು. ಎಚ್.ಡಿ. ಕೋಟೆಯ ಕಬಿನಿ ಅಣೆಕಟ್ಟು ಆಗಿನ್ನೂ ಹೊಸದು. ಅಂಥ ಕಾಲದಲ್ಲಿ ಹೊರಟ ಎರಡೂ ನೌಕೆಗಳಲ್ಲಿ ಕನ್ನಡವೂ ಇದೆ ಎಂಬುದು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತೋ. ಚಿನ್ನದ ಲೇಪ ಹಾಕಿದ ತಾಮ್ರದ ತಟ್ಟೆಯಲ್ಲಿ 55 ಭಾಷೆಗಳ ಶುಭಾಶಯ ಕೊರೆದಿದ್ದಾರೆ. ಕನ್ನಡದ್ದು ಪುಟ್ಟ ಸಾಲು: ನಮಸ್ತೆ, ಕನ್ನಡಿಗರ ಪರವಾಗಿ ಶುಭಾಶಯಗಳು. ದನಿ ಶ್ರೀನಿವಾಸ ಕೆ. ಉಪಾಧ್ಯಾಯ ಎಂಬವರದು. ಅದೇ ತಟ್ಟೆಯಲ್ಲಿ ಕೇಸರಬಾಯಿ ಕೇರ್ಕರ್ ಅವರ ಭೈರವಿಯೂ ಇದೆ.

ನೆರೆಯ ತಮಿಳು, ಮಲಯಾಳಂ ಅದರಲ್ಲಿಲ್ಲ, ನಾವಿದ್ದೇವೆ ಎಂದು ಬೀಗುವವರನ್ನು ಕಂಡಿದ್ದೇನೆ. ಬೀಗುವುದಕ್ಕೆ ಏನೂ ಇಲ್ಲ. ಹೆಚ್ಚು ಜನ ಆಡುವ ಭಾಷೆಗಳ ಪಟ್ಟಿ ಹಿಡಿದು ಹೊರಟವರು ಕೊನೆಗೆ ಕಾರ್ನೆಲ್ ವಿಶ್ವವಿದ್ಯಾಲಯದ ಆಸುಪಾಸಿನಲ್ಲಿ ಯಾರು ಸಿಕ್ಕರೋ ಅವರಿಂದಲೇ ಬಹುಪಾಲು ದನಿ ತೆಗೆದುಕೊಂಡರು. ಸಾವಿರಾರು ವರ್ಷದ ಹಿಂದೆ ಸತ್ತ ಸುಮೇರಿಯನ್, ಅಕ್ಕಾಡಿಯನ್ ಭಾಷೆಗಳಿಗೂ ಅಲ್ಲಿ ಜಾಗ ಸಿಕ್ಕಿತು, ಎಚ್.ಡಿ. ಕೋಟೆಯ ಹಾಡಿಗಳಲ್ಲಿ ಇವತ್ತೂ ಮಕ್ಕಳು ಆಡುವ ಜೇನುಕುರುಬರ ನುಡಿಗೆ ಸಿಗಲಿಲ್ಲ. ಅದೇನೇ ಇರಲಿ, ಆ ತಟ್ಟೆ ಯಾರಿಗಾದರೂ ಸಿಗುವ ಸಂಭವ ಇಲ್ಲವೆನ್ನುವಷ್ಟು ಕಡಿಮೆ. ಟಿ.ವಿ.ಯವರು ವಾಯೇಜರ್ ಎಂದಾಗಲೆಲ್ಲ ಅನ್ಯಗ್ರಹ ಜೀವಿಗಳ ಚಿತ್ರ ತೋರಿಸುತ್ತಾರೆ. ಕಾಯುತ್ತಾ ಕೂತವರಿಗೆ ಬೇಕಿರುವುದು ಅದಲ್ಲ.

ಅವರಿಗೆ ಬೇಕಿರುವುದು ಗಡಿಯಾಚೆಯ ಅಳತೆ. ಸೂರ್ಯನಿಂದ ಬೆಳಕು ಮಾತ್ರವಲ್ಲ, ವಿದ್ಯುತ್ ಕಣಗಳ ಗಾಳಿಯೂ ಎಲ್ಲ ದಿಕ್ಕಿಗೂ ಬೀಸುತ್ತಿರುತ್ತದೆ. ಇದೇ ಸೌರಮಾರುತ. ಅದು ಗ್ರಹಗಳನ್ನೆಲ್ಲ ದಾಟಿ ಹೋಗಿ, ನಕ್ಷತ್ರಗಳ ನಡುವೆ ತುಂಬಿರುವ ಅನಿಲವನ್ನು ಹಿಂದಕ್ಕೆ ತಳ್ಳಿ, ತನ್ನದೇ ಒಂದು ದೊಡ್ಡ ಗುಳ್ಳೆಯನ್ನು ಮಾಡಿಕೊಂಡಿದೆ. ಬಚ್ಚಲ ಕಲ್ಲಿನ ಮೇಲೆ ನಲ್ಲಿ ಬಿಟ್ಟು ನೋಡಿ. ನೀರು ಬಿದ್ದ ಜಾಗದ ಸುತ್ತ ತೆಳ್ಳಗೆ, ಜೋರಾಗಿ ಹರಡುತ್ತದೆ. ಸ್ವಲ್ಪ ದೂರದಲ್ಲಿ ಒಮ್ಮೆಗೇ ನಿಧಾನವಾಗಿ ಉಬ್ಬಿ ನಿಲ್ಲುತ್ತದೆ. ಸೌರಮಾರುತವೂ ಹೀಗೆ ಮೊದಲು ನಿಧಾನಗೊಂಡು, ಆಮೇಲೆ ಒಂದು ಕಡೆ ಹೊರಗಿನ ಒತ್ತಡಕ್ಕೆ ಸರಿಸಮನಾಗಿ ನಿಂತುಬಿಡುತ್ತದೆ. ಆ ಅಂಚಿಗೆ ಹೀಲಿಯೋಪಾಸ್ ಎಂದು ಹೆಸರು. ಕೆ.ಆರ್. ನಗರದ ಗದ್ದೆಯ ಬದುವಿನ ಹಾಗೆ: ಈಚೆ ನಮ್ಮ ನೀರು, ಆಚೆ ಪಕ್ಕದವರ ನೀರು. ವ್ಯತ್ಯಾಸ ಇಷ್ಟೇ, ಈ ಬದು ಸೂರ್ಯನ ಹುಮ್ಮಸ್ಸು ಏರಿಳಿದಂತೆ ತಾನೂ ಹಿಂದೆ ಮುಂದೆ ಸರಿಯುತ್ತದೆ.

'ಸೌರಮಂಡಲ ದಾಟಿತು' ಎಂದು ಪತ್ರಿಕೆಗಳು ಬರೆದದ್ದು ಈ ಬದುವನ್ನು ದಾಟಿದ್ದಕ್ಕೆ. ಬಿಗಿಯಾಗಿ ಹೇಳಿದರೆ ಸೂರ್ಯನ ಗುರುತ್ವದ ಹಿಡಿತ ಇನ್ನೂ ಎಷ್ಟೋ ದೂರ ಇದೆ. ಧೂಮಕೇತುಗಳ ಊರ್ಟ್ ಮೋಡದ ಒಳ ಅಂಚು ಮುಟ್ಟಲು ವಾಯೇಜರ್‌ಗೆ ಇನ್ನೂ ಸುಮಾರು 300 ವರ್ಷ, ಅದನ್ನು ದಾಟಲು 30,000 ವರ್ಷ ಬೇಕಾದೀತು ಎಂಬುದು ನಾಸಾದ ಅಂದಾಜು. ದಾಟಿದ್ದು ಸೂರ್ಯನ ಗಾಳಿಯನ್ನು, ಸೂರ್ಯನ ಸೆಳೆತವನ್ನಲ್ಲ.

ಈ ದಾಟುವಿಕೆ ಗೊತ್ತಾದ ರೀತಿ ಪತ್ತೇದಾರಿ ಕತೆಯಂತಿದೆ. 2012ರ ಆಗಸ್ಟ್ 25ರಂದು ವಾಯೇಜರ್-1ರಲ್ಲಿ ಸೂರ್ಯನ ಕಡೆಯ ಕಣಗಳ ಎಣಿಕೆ ದಿಢೀರನೆ ಕುಸಿಯಿತು, ಹೊರಗಿನಿಂದ ಬರುವ ಕಾಸ್ಮಿಕ್ ಕಿರಣಗಳ ಎಣಿಕೆ ಏರಿತು. ದಾಟಿತು ಎನ್ನೋಣವೆಂದರೆ ಕಾಂತಕ್ಷೇತ್ರದ ದಿಕ್ಕು ಬದಲಾಗಲೇ ಇಲ್ಲ. ನೇರವಾಗಿ ಹೇಳಬಹುದಾಗಿದ್ದ ಪ್ಲಾಸ್ಮಾ ಉಪಕರಣ 1980ರಲ್ಲೇ ಕೆಟ್ಟಿತ್ತು. ವಿಜ್ಞಾನಿಗಳು ಒಂದು ವರ್ಷ ಜಗಳವಾಡಿದರು. ಅಷ್ಟರಲ್ಲಿ 2012ರ ಮಾರ್ಚ್‌ನಲ್ಲಿ ಸೂರ್ಯನಲ್ಲಿ ಆಗಿದ್ದ ಒಂದು ಸ್ಫೋಟದ ಅಲೆ ಹದಿಮೂರು ತಿಂಗಳು ಓಡಿ ನೌಕೆಯನ್ನು ಹಿಡಿಯಿತು. ಅದರ ಪೆಟ್ಟಿಗೆ ಸುತ್ತಲಿನ ಪ್ಲಾಸ್ಮಾ ಗಂಟೆಯಂತೆ ಕಂಪಿಸಿತು. ಆ ಕಂಪನದ ಶ್ರುತಿಯಿಂದ ಸಾಂದ್ರತೆ ಲೆಕ್ಕ ಹಾಕಿದರೆ ಒಳಗಿನದಕ್ಕಿಂತ ಸುಮಾರು 40 ಪಟ್ಟು ಹೆಚ್ಚು! ಕುದುರೆ ಬದು ದಾಟಿ ಆಗಲೇ ವರ್ಷವಾಗಿತ್ತು ಎಂದು 2013ರ ಸೆಪ್ಟೆಂಬರ್‌ನಲ್ಲಿ ನಾಸಾ ಘೋಷಿಸಿತು. ವಾಯೇಜರ್-2ರ ಪ್ಲಾಸ್ಮಾ ಉಪಕರಣ ಚೆನ್ನಾಗಿಯೇ ಇದ್ದದ್ದರಿಂದ 2018ರ ನವೆಂಬರ್ 5ರಂದು ಅದು ದಾಟಿದಾಗ ಇಂಥ ತಕರಾರು ಬರಲಿಲ್ಲ.

ಇದರಿಂದ ತಿಳಿದದ್ದೇನು? ಗೆಲಾಕ್ಸಿಯ ಕಡೆಯಿಂದ ನುಗ್ಗುವ ಕಾಸ್ಮಿಕ್ ಕಿರಣಗಳಲ್ಲಿ ಸುಮಾರು ಮುಕ್ಕಾಲು ಪಾಲನ್ನು ಈ ಗುಳ್ಳೆಯೇ ತಡೆಯುತ್ತದೆ. ಮಂಗಳಕ್ಕೆ ಮನುಷ್ಯರನ್ನು ಕಳಿಸುವ ಮಾತಾಡುವವರು ಮೊದಲು ಲೆಕ್ಕ ಹಾಕಬೇಕಾದದ್ದು ಈ ವಿಕಿರಣವನ್ನು. ಗುಳ್ಳೆಯ ಒಳಗೇ ಇದ್ದುಕೊಂಡು ಹೊರಗಿನ ಮಳೆ ಎಷ್ಟು ಜೋರು ಎಂದು ಅಳೆಯಲಾಗದು; ಕೊಡೆಯಿಂದ ಯಾರಾದರೂ ಆಚೆ ಬರಬೇಕು. 2021ರಲ್ಲಿ ಇನ್ನೊಂದು ಸುದ್ದಿ ಬಂತು: ಸೌರಸ್ಫೋಟಗಳ ಪೆಟ್ಟು ಇಲ್ಲದಿದ್ದಾಗಲೂ ಅಲ್ಲಿ ಪ್ಲಾಸ್ಮಾದ ಒಂದು ಸಣ್ಣ ಗುಂಯ್ ಸದ್ದು ಬಿಡದೆ ಇರುತ್ತದೆ, ಅದನ್ನು ಹಿಡಿದರೆ ದಾರಿಯುದ್ದಕ್ಕೂ ಸಾಂದ್ರತೆ ಅಳೆಯುತ್ತಾ ಹೋಗಬಹುದು ಎಂದು. ಕಂಡುಹಿಡಿದ ತಂಡ ಕಾರ್ನೆಲ್ ವಿಶ್ವವಿದ್ಯಾಲಯದ್ದು. ಹೌದು, ಕನ್ನಡದ ನಮಸ್ತೆ ಹೊರಟ ಅದೇ ಕಾರ್ನೆಲ್.

ಇದರಿಂದ ಗದ್ದೆಯಲ್ಲಿ ಭತ್ತ ಒಂದು ಕಾಳೂ ಹೆಚ್ಚುವುದಿಲ್ಲ. ಇಂಥ ಲೇಖನಗಳಲ್ಲಿ 'ಬಾಹ್ಯಾಕಾಶ ಸಂಶೋಧನೆಯಿಂದ ನಮಗೆ ಮೊಬೈಲ್ ಬಂತು' ಎಂದು ಬರೆಯುವ ರೂಢಿಯಿದೆ. ವಾಯೇಜರ್ ವಿಷಯದಲ್ಲಿ ಅದು ಅನುಕೂಲದ ಉತ್ತರ, ಪ್ರಾಮಾಣಿಕ ಉತ್ತರವಲ್ಲ. ನಾವು ಎಂಥ ಜಾಗದಲ್ಲಿ ಬದುಕಿದ್ದೇವೆ ಎಂದು ತಿಳಿಯುವುದಕ್ಕೆ ಒಂದು ಖರ್ಚಿದೆ, ಅದನ್ನು ಯಾರಾದರೂ ಕೊಡಬೇಕು. ಕೊಡಬೇಕೋ ಬೇಡವೋ ಎಂಬುದು ನೇರವಾಗಿ ಚರ್ಚಿಸಬಹುದಾದ ಪ್ರಶ್ನೆ.

ಈಗ ಸೌದೆಯ ಲೆಕ್ಕಕ್ಕೆ ಬರೋಣ. ಅಷ್ಟು ದೂರದಲ್ಲಿ ಸೂರ್ಯ ಒಂದು ಪ್ರಕಾಶಮಾನ ನಕ್ಷತ್ರ ಮಾತ್ರ. ಸೋಲಾರ್ ಫಲಕ ಉಪಯೋಗಕ್ಕೆ ಬಾರದು. ನೌಕೆಯಲ್ಲಿರುವುದು ಪ್ಲುಟೋನಿಯಂ. ಅದು ಕ್ಷಯಿಸುವಾಗ ಬರುವ ಶಾಖದಿಂದ ವಿದ್ಯುತ್ ಮಾಡುತ್ತಾರೆ. ಹೊರಟಾಗ ಸುಮಾರು 470 ವಾಟ್ ಇದ್ದದ್ದು ವರ್ಷಕ್ಕೆ 4 ವಾಟ್‌ನಂತೆ ಕಡಿಮೆಯಾಗುತ್ತಾ ಬಂದಿದೆ. ಹೊಸ ಸೌದೆ ಹಾಕಲು ಅಲ್ಲಿ ಯಾರೂ ಇಲ್ಲ. ಆದ್ದರಿಂದ ಒಂದೊಂದೇ ದೀಪ ಆರಿಸುತ್ತಾ ಬಂದಿದ್ದಾರೆ. 1990ರ ಫೆಬ್ರವರಿಯಲ್ಲಿ ವಾಯೇಜರ್-1 ಹಿಂದಿರುಗಿ ನೋಡಿ ಭೂಮಿಯ ಚುಕ್ಕಿಯ ಚಿತ್ರ ತೆಗೆದ ಬಳಿಕ ಕ್ಯಾಮೆರಾ ಆರಿತು. ಆಮೇಲೆ ಉಪಕರಣಗಳನ್ನು ಬೆಚ್ಚಗಿಡುವ ಹೀಟರ್‌ಗಳು. ವಾಯೇಜರ್-2ರ ಕಾಸ್ಮಿಕ್ ಕಿರಣ ಮಾಪಕವನ್ನು ಹಾರಿಸುವ ಮುಂಚೆ ಪರೀಕ್ಷಿಸಿದ್ದು ಮೈನಸ್ 45 ಡಿಗ್ರಿವರೆಗೆ. 2019ರಲ್ಲಿ ಅದರ ಹೀಟರ್ ತೆಗೆದಾಗ ಮೈನಸ್ 59ಕ್ಕೆ ಇಳಿದರೂ ಅದು ಕೆಲಸ ಬಿಡಲಿಲ್ಲ. ಹೊರಟಾಗ ತಲಾ ಹತ್ತು ಉಪಕರಣ ಇದ್ದವು. 2025ರ ಮಾರ್ಚ್ ಅಂತ್ಯಕ್ಕೆ ಉಳಿದದ್ದು ತಲಾ ಮೂರು. ಕಡೆಗೆ ಒಂದಾದರೂ 2030ರ ದಶಕ ಕಾಣಲಿ ಎಂಬುದು ಅವರ ಆಸೆ. ಯಾವುದನ್ನು ಯಾವಾಗ ಆರಿಸಬೇಕು ಎಂಬುದೇ ಈಗ ದೊಡ್ಡ ವಿಜ್ಞಾನ. ಬ್ಯಾರನ್ನಿನ ಮುಂದೆ ಕೂತವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಕಾವಲಿಗೂ ಕಷ್ಟ ಬರುತ್ತದೆ. 2023ರ ಜುಲೈನಲ್ಲಿ ಒಂದು ತಪ್ಪು ಆದೇಶ ಹೋಗಿ ವಾಯೇಜರ್-2ರ ಆಂಟೆನಾ ಎರಡು ಡಿಗ್ರಿ ಆಚೆ ತಿರುಗಿ ಮಾತು ನಿಂತಿತು. ಆಸ್ಟ್ರೇಲಿಯಾದ ಕ್ಯಾನ್ಬೆರಾದಲ್ಲಿರುವ 70 ಮೀಟರ್ ಆಂಟೆನಾದಿಂದ ಗಟ್ಟಿಯಾಗಿ ಕೂಗಿ ಅದನ್ನು ಮತ್ತೆ ಇತ್ತ ತಿರುಗಿಸಿದರು. ವಾಯೇಜರ್-2 ಆಕಾಶದ ತೀರಾ ದಕ್ಷಿಣಕ್ಕೆ ಇರುವುದರಿಂದ ಅದಕ್ಕೆ ಆದೇಶ ಕಳಿಸಬಲ್ಲದ್ದು ಆ ಒಂದೇ ಆಂಟೆನಾ. ಅದೇ ವರ್ಷ ನವೆಂಬರ್‌ನಲ್ಲಿ ವಾಯೇಜರ್-1 ಅರ್ಥವಿಲ್ಲದ ಅಂಕಿ ಕಳಿಸತೊಡಗಿತು. ಸ್ಮರಣೆಯ ಒಂದು ಚಿಪ್ ಸತ್ತಿತ್ತು. ನೌಕೆಯ ಮೂರೂ ಬಗೆಯ ಕಂಪ್ಯೂಟರ್‌ಗಳ ಸ್ಮರಣೆ ಸೇರಿಸಿದರೂ 70 ಕಿಲೊಬೈಟ್ ಆಗದು. ನಮ್ಮ ವಾಟ್ಸ್ಆ್ಯಪ್ಪಿನ ಒಂದು ಗುಡ್ ಮಾರ್ನಿಂಗ್ ಚಿತ್ರ ಅದಕ್ಕಿಂತ ದೊಡ್ಡದು. ಹಳೆಯ ಕಾಗದಗಳನ್ನು ಕೆದಕಿ, ಆ ಚಿಪ್ಪಿನಲ್ಲಿದ್ದ ಕೋಡನ್ನು ತುಂಡು ಮಾಡಿ ಬೇರೆ ಬೇರೆ ಮೂಲೆಗಳಲ್ಲಿ ಇಟ್ಟು, 2024ರ ಏಪ್ರಿಲ್‌ನಲ್ಲಿ ಮತ್ತೆ ಮಾತಾಡಿಸಿದರು. 1972ರಿಂದ ಐವತ್ತು ವರ್ಷ ಈ ಯೋಜನೆಯ ವಿಜ್ಞಾನಿಯಾಗಿದ್ದ ಎಡ್ ಸ್ಟೋನ್ ಆ ಜೂನ್‌ನಲ್ಲಿ ತೀರಿಕೊಂಡರು.

ನನಗೆ ಮುಖ್ಯವಾಗಿ ಕಾಣುವುದು ಇಲ್ಲಿದೆ. ವಾಯೇಜರ್-1 ಆ ಬದು ಮುಟ್ಟಲು 35 ವರ್ಷ ತೆಗೆದುಕೊಂಡಿತು. 1972ರಲ್ಲಿ ಹೊರಟ ಪಯೊನೀರ್-10ರ ದನಿ 2003ರ ಜನವರಿಯಲ್ಲಿ ಕೊನೆಯ ಬಾರಿ ಕೇಳಿತು. ಪಯೊನೀರ್-11ರದು 1995ರಲ್ಲೇ ನಿಂತಿತು. 2015ರಲ್ಲಿ ಪ್ಲುಟೊ ನೋಡಿದ ನ್ಯೂ ಹೊರೈಜನ್ಸ್ ಇನ್ನೂ ಬದುವಿನ ಈಚೆಗೇ ಇದೆ. 2025ರಲ್ಲಿ ಅಮೆರಿಕ ಸರ್ಕಾರ ಮುಂದಿಟ್ಟ ಬಜೆಟ್ ಪ್ರಸ್ತಾವದಲ್ಲಿ ನಾಸಾದ ವಿಜ್ಞಾನದ ಹಣವನ್ನು ಹೆಚ್ಚು ಕಡಿಮೆ ಅರ್ಧಕ್ಕೆ ಇಳಿಸುವ ಮಾತಿತ್ತು. ನಿಲ್ಲಿಸಬೇಕಾದ ಯೋಜನೆಗಳ ಪಟ್ಟಿಯಲ್ಲಿ ಕೆಟ್ಟುಹೋಗದ ಆ ನ್ಯೂ ಹೊರೈಜನ್ಸ್ ಹೆಸರೂ ಇತ್ತು. ವಾಯೇಜರ್‌ಗಳು ಮೌನವಾಗಿ, ಇದನ್ನೂ ಕೈಬಿಟ್ಟರೆ ಆಚೆ ನಮ್ಮದೆನ್ನುವುದು ಒಂದೂ ಇರುವುದಿಲ್ಲ. ನಾಳೆಯೇ ಹೊಸ ನೌಕೆ ಹಾರಿಸಿದರೂ ಅದು ಆ ಜಾಗ ಮುಟ್ಟುವ ಹೊತ್ತಿಗೆ ಈಗ ಎಂಟನೇ ಕ್ಲಾಸಿನಲ್ಲಿರುವವರಿಗೆ ಮಕ್ಕಳಾಗಿರುತ್ತವೆ. ರಸ್ತೆ ಕೆಲಸ ನಿಲ್ಲಿಸಿದರೆ ಮುಂದಿನ ವರ್ಷ ಶುರು ಮಾಡಬಹುದು. ಇದನ್ನು ನಿಲ್ಲಿಸಿದರೆ ಒಂದು ತಲೆಮಾರು ಹೋಗುತ್ತದೆ.

ನಮ್ಮ ದೇಶದ ಯಾವ ನೌಕೆಯೂ ಆ ಕಡೆ ಹೊರಟಿಲ್ಲ. ಹೊರಡಬೇಕೆಂದರೆ ಮೊದಲು ಬೇಕಾದದ್ದು ಆ ಅಣುಶಾಖ. 2023ರಲ್ಲಿ ಚಂದ್ರನ ಮೇಲೆ ಇಳಿದ ವಿಕ್ರಮ್, ಪ್ರಜ್ಞಾನ್ ಹದಿನಾಲ್ಕು ದಿನದ ರಾತ್ರಿಯ ಚಳಿ ತಾಳದೆ ಮತ್ತೆ ಏಳಲಿಲ್ಲ. ಬೆಚ್ಚಗಿಡುವ ಶಾಖ ಅವುಗಳಲ್ಲಿ ಇರಲಿಲ್ಲ. ಆದರೆ ಅದೇ ಚಂದ್ರಯಾನ-3ರ, ಕಕ್ಷೆಯಲ್ಲೇ ಉಳಿದ ಇನ್ನೊಂದು ಭಾಗದಲ್ಲಿ ಅಂಥ ಎರಡು ಪುಟ್ಟ ಅಣುಹೀಟರ್‌ಗಳನ್ನು ಪ್ರಯೋಗಕ್ಕೆ ಇಟ್ಟಿದ್ದರು. ಆ ಸುದ್ದಿ ನಮ್ಮ ಸಂಭ್ರಮದಲ್ಲಿ ಕಳೆದೇಹೋಯಿತು. ಕೇಳುವ ಕಿವಿ ಮಾತ್ರ ನಮಗೂ ಇದೆ: ರಾಮನಗರದ ಹತ್ತಿರದ ಬ್ಯಾಲಾಳುವಿನಲ್ಲಿ 32 ಮೀಟರ್ ಆಂಟೆನಾ 2008ರಿಂದ ಕೆಲಸ ಮಾಡುತ್ತಿದೆ. ಆರು ತಿಂಗಳಿಗೆಂದು ಹೋದ ಮಂಗಳಯಾನ ಮಂಗಳದ ಸುತ್ತ 2022ರವರೆಗೆ ಬಾಳಿತು. ಹಾರಿಸುವ ದಿನ ಟಿ.ವಿ. ಮುಂದೆ ಕೂರುವ ನಾವು, ಆಮೇಲೆ ಎಂಟು ವರ್ಷ ಅದನ್ನು ಕಾದವರ ಬಗ್ಗೆ ಎಷ್ಟು ಕೇಳಿದ್ದೇವೆ?

ಈ ಕತೆಯ ಈಚೆಯ ತುದಿಯಲ್ಲಿ ನಮ್ಮದೇ ಒಂದು ಉಪಕರಣವೂ ಇದೆ. 2023ರ ಸೆಪ್ಟೆಂಬರ್ 2ರಂದು ಹಾರಿದ ಆದಿತ್ಯ-ಎಲ್1 ಸೌರಮಾರುತವನ್ನು ಅದು ಭೂಮಿಗೆ ಬರುವ ಮುಂಚೆ ಅಳೆಯುತ್ತದೆ. ಆ ಮಾರುತ ಕೊನೆಗೊಳ್ಳುವ ಬದುವನ್ನು ಇತ್ತಲಿಂದಲೇ ಅಧ್ಯಯನ ಮಾಡಲು 2025ರ ಸೆಪ್ಟೆಂಬರ್‌ನಲ್ಲಿ ನಾಸಾ ಕಳಿಸಿದ ಐಮ್ಯಾಪ್ ನೌಕೆಯ ಜಾಗವೂ ಅದೇ ಎಲ್1. ಆದಿತ್ಯದ ದತ್ತಾಂಶ ಇಸ್ರೊದ 'ಪ್ರದಾನ್' ತಾಣದಲ್ಲಿ ಸಾರ್ವಜನಿಕರಿಗೆ ಸಿಗುತ್ತದೆ. ಹೆಸರು ನೋಂದಾಯಿಸಿದರೆ ಸಾಕು. ಹುಣಸೂರಿನ ಗೆಳತಿಯೊಬ್ಬಳ ಲ್ಯಾಪ್‌ಟಾಪಿನಲ್ಲಿ ನಾವಿಬ್ಬರೂ ಇಳಿಸಿಕೊಂಡು ನೋಡಿದೆವು. ಅರ್ಧಕ್ಕರ್ಧ ಅರ್ಥವಾಗಲಿಲ್ಲ. ಕಡತ ತೆರೆಯುವುದಕ್ಕೇ ಎರಡು ಭಾನುವಾರ ಹೋಯಿತು. ಕಾಲೇಜಿನ ಪ್ರಾಕ್ಟಿಕಲ್ ಪುಸ್ತಕದಲ್ಲಿ ಇಂಥದ್ದೊಂದು ಇದ್ದಿದ್ದರೆ ಎನಿಸಿತು.

ಇನ್ನೊಂದು ವಿಷಯ ಲೆಕ್ಕ ಹಾಕುವಾಗ ಸಿಕ್ಕಿತು. ಆಕಾಶದಲ್ಲಿ ವಾಯೇಜರ್-1 ಇರುವುದು ಸಮಭಾಜಕದಿಂದ ಸುಮಾರು 12 ಡಿಗ್ರಿ ಉತ್ತರಕ್ಕೆ, ಉರಗಧರ ನಕ್ಷತ್ರಪುಂಜದ ದಿಕ್ಕಿನಲ್ಲಿ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ನಾಲ್ಕೂ ಇರುವುದು ಭೂಮಿಯ ಮೇಲೆ ಹೆಚ್ಚು ಕಡಿಮೆ ಅದೇ 12 ಡಿಗ್ರಿಯಲ್ಲಿ. ಹಾಗಾಗಿ ದಿನಕ್ಕೊಮ್ಮೆ ಅದು ನಮ್ಮ ನೆತ್ತಿಯ ನೇರ ಮೇಲೆ ಹಾದುಹೋಗುತ್ತದೆ. ಅದು ಹಾರಿದ ದಿನವಾದ ಸೆಪ್ಟೆಂಬರ್ 5ರಂದು ಈ ಹೊತ್ತು ಬರುವುದು ಸಂಜೆ ಆರೂವರೆ ಏಳರ ನಡುವೆ. ಬ್ಯಾರನ್ನುಗಳಿಗೆ ಬೆಂಕಿ ಬಿದ್ದಿರುವ ಕಾಲ ಅದು. ಯಾವ ದೂರದರ್ಶಕಕ್ಕೂ ಅದು ಕಾಣದು, ಬಿಡಿ.

ಮೊನ್ನೆ ಹರಾಜಿನಿಂದ ವಾಪಸು ಬರುವಾಗ ಅಪ್ಪನಿಗೆ ಇದನ್ನೆಲ್ಲ ಹೇಳಿದೆ. ಬದು, ಕೊಡೆ, ನೆತ್ತಿ ಎಲ್ಲ. ಕೇಳಿಸಿಕೊಂಡು ಸುಮಾರು ದೂರ ಸುಮ್ಮನೆ ಬಂದರು. ಮನೆ ಹತ್ತಿರವಾದ ಮೇಲೆ, "ವರ್ಸಕ್ಕೆ ನಾಕು ವಾಟ್ ಅಂದ್ಯಲ್ಲ, ಇನ್ನೆಷ್ಟು ಉಳ್ಕಂಡದೆ?" ಎಂದು ಕೇಳಿದರು. ಲೆಕ್ಕ ಒಪ್ಪಿಸಿದೆ. "ಹಂಗಾದ್ರೆ ಈಗ್ಲೇ ಎಚ್ಚರವಾಗಿರ್ಬೇಕು" ಅಂದರು.